ರಾತ್ರಿಪಾಳಿ ಯಾರದು

ಆಗಸ್ಟ್ 4, ಸೋಮವಾರ

ಡಾಕ್ಟರ್ ಹೇಳಿದರು, ಅದಕ್ಕೆ ಬರೆಯುತ್ತಿದ್ದೇನೆ. ತಲೆಯಲ್ಲಿ ಓಡುವುದನ್ನೆಲ್ಲ ಸಂಜೆಯೊಳಗೆ ಕಾಗದಕ್ಕೆ ಇಳಿಸಿಬಿಟ್ಟರೆ ಅದು ಹಾಸಿಗೆಯವರೆಗೆ ಬೆನ್ನು ಹತ್ತಿ ಬರುವುದಿಲ್ಲವಂತೆ. ನನಗೇನೂ ನಂಬಿಕೆ ಇಲ್ಲ. ಆದರೆ ಮಾಡಿ ನೋಡದೆ ಬಿಟ್ಟಳು ಅನ್ನಿಸಿಕೊಳ್ಳುವವಳು ನಾನಲ್ಲ.

ವಿಷಯ ಇಷ್ಟೇ. ನನಗೆ ಆರನೇ ತಿಂಗಳು, ನಿದ್ದೆ ಇಲ್ಲ. ದಿಂಬಿಗೆ ತಲೆ ಕೊಟ್ಟ ಕೂಡಲೇ ಕಣ್ಣು ಇನ್ನಷ್ಟು ಚುರುಕಾಗುತ್ತವೆ. ಪಕ್ಕದಲ್ಲಿ ಪ್ರಭುದೇವ ಮರದ ದಿಮ್ಮಿಯ ಹಾಗೆ ಬಿದ್ದಿರುತ್ತಾನೆ. ಇಡೀ ದಿನ ಉಲ್ಹಾಸನಗರದ ಜೀನ್ಸ್ ಅಂಗಡಿಯಲ್ಲಿ ನಿಂತು ಬಂದ ಗಂಡನನ್ನು ಬೈಯುವ ಹಾಗೂ ಇಲ್ಲ. ಹಾಲ್‌ನಲ್ಲಿ ಅತ್ತೆ ಮಹಾದೇವಕ್ಕ ಗೊರಕೆ ಹೊಡೆಯುತ್ತಾರೆ. ನನ್ನ ಅವ್ವ ತೀರಿಕೊಂಡು ವರ್ಷಗಳಾದವು, ತವರಿಗೆ ಹೋಗಿ ಹೆರುವ ಮಾತಿಲ್ಲ. ಆದ್ದರಿಂದ ಬಾಣಂತನ ತಮ್ಮದೇ ಎಂದು ಅತ್ತೆ ಜಮಖಂಡಿಯಿಂದ ಈಗಲೇ ಬಂದು ಕೂತಿದ್ದಾರೆ. ಬಂದದ್ದು ಸಂತೋಷ. ಗೊರಕೆಯನ್ನು ಮಾತ್ರ ಊರಲ್ಲೇ ಬಿಟ್ಟು ಬರಬಹುದಿತ್ತು.

ಡಾಕ್ಟರ್ ಹೆದರುವುದು ಬಿಪಿಗೆ. ಹೋದ ತಿಂಗಳಿಗಿಂತ ಏರಿದೆ. ಗುಳಿಗೆ ಬರೆದಿದ್ದಾರೆ, ಜೊತೆಗೆ ನಿದ್ದೆಯೂ ಬೇಕು ಎಂದಿದ್ದಾರೆ. ಹೀಗೇ ಏರುತ್ತ ಹೋದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ, ಮಗುವನ್ನು ಬೇಗ ಹೊರಗೆ ತೆಗೆಯುವ ಪ್ರಸಂಗವೂ ಬರಬಹುದು.

ಇದು ಎರಡನೇ ಬಸಿರು. ಮೊದಲನೆಯದು ಐದನೇ ತಿಂಗಳಲ್ಲಿ ಹೋಯಿತು. ಆ ರಾತ್ರಿ ಗಡದ್ದಾಗಿ ನಿದ್ದೆ ಮಾಡಿದ್ದೆ. ಬೆಳಗ್ಗೆ ಎದ್ದಾಗ ಎಲ್ಲ ಮುಗಿದಿತ್ತು. ನಿದ್ದೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರ್ ಆಗಲೇ ಹೇಳಿದ್ದಾರೆ. ಸಂಬಂಧವಿಲ್ಲ. ಬರೆದಾಯಿತು, ಮುಂದಿನ ಮಾತು.

ಘಣಸೋಲಿಯ ಆಫೀಸು ಕಟ್ಟಡಗಳಿಗೆ ಕಾವಲುಗಾರರನ್ನು ಕಳಿಸುವ ಏಜೆನ್ಸಿಯಲ್ಲಿ ಪಾಳಿ ಹಂಚುವವಳು ನಾನು. ಯಾವ ಗೇಟಿಗೆ ಯಾರು, ರಾತ್ರಿಪಾಳಿ ಯಾರದು, ಯಾರಿಗೆ ಊರ ಹಬ್ಬ, ಯಾರಿಗೆ ಸುಳ್ಳು ಜ್ವರ, ಎಲ್ಲ ನನಗೆ ಗೊತ್ತು. ನನ್ನ ಕಾಲದಲ್ಲಿ ಒಂದು ಗೇಟೂ ಖಾಲಿ ಬಿದ್ದದ್ದಿಲ್ಲ. ಅಂಥವಳಿಗೆ ಒಂದು ನಿದ್ದೆ ಯಾವ ಲೆಕ್ಕ? ಈ ತಿಂಗಳೊಳಗೆ ಸರಿ ಮಾಡಿ ತೋರಿಸುತ್ತೇನೆ.

ಆಗಸ್ಟ್ 7, ಗುರುವಾರ

ಕ್ರಮಗಳು ಶುರುವಾದವು. ಮಧ್ಯಾಹ್ನದ ಮೇಲೆ ಚಹಾ ಬಂದ್. ರಾತ್ರಿ ಮೊಬೈಲು ಫ್ರಿಜ್ಜಿನ ತಲೆಯ ಮೇಲೆ. ಎಡಮಗ್ಗುಲಿಗೆ ಮಲಗುವುದು, ಮೊಣಕಾಲುಗಳ ನಡುವೆ ದಿಂಬು. ಪ್ರಭುದೇವ ಬಸುರಿಯರಿಗೆಂದೇ ಮಾಡಿದ ಬಾಗಿದ ದೊಡ್ಡ ದಿಂಬೊಂದನ್ನು ಹೊತ್ತು ತಂದ. ಅದು ಬಂದ ಮೇಲೆ ಮಂಚದಲ್ಲಿ ಅವನಿಗೇ ಜಾಗ ಇಲ್ಲ, ಅಂಚಿಗೆ ಅಂಟಿಕೊಂಡು ಮಲಗುತ್ತಾನೆ. ಮಲಗಿದ ಮರುಗಳಿಗೆ ಅವನಿಗೆ ನಿದ್ದೆ. ನನಗಿಲ್ಲ.

ಎಚ್ಚರವಿದ್ದಾಗ ಸುಮ್ಮನೆ ಇರಲಾರದೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿರುತ್ತೇನೆ. ಒಳಗಿನದು ಒದೆಯುತ್ತದೆ. ಬಹಳ ಹೊತ್ತು ಒದೆಯದಿದ್ದರೆ ಎದ್ದು ಕೂತು ತಣ್ಣೀರು ಕುಡಿಯುತ್ತೇನೆ. ಮತ್ತೆ ಒದೆಯುತ್ತದೆ, ಮತ್ತೆ ಮಲಗುತ್ತೇನೆ. ಇದು ಹೊತ್ತು ಕಳೆಯಲು ಮಾತ್ರ.

ಗಾರ್ಡ್ ಪೂವಪ್ಪ ರಾತ್ರಿ ಗೇಟಿನಲ್ಲಿ ಕುರ್ಚಿಯ ಮೇಲೆ ನಿದ್ದೆ ಹೋಗಿದ್ದನಂತೆ. ಫೋಟೋ ಸಮೇತ ದೂರು ಬಂದಿದೆ. ಮೆಮೊ ಕೊಟ್ಟೆ. ಕಾರ್ಕಳದ ಕಡೆಯವನು, ಪಾಪದ ಮನುಷ್ಯ, ತಲೆ ತಗ್ಗಿಸಿ ಸಹಿ ಹಾಕಿದ. ಎಚ್ಚರವಿರುವುದಕ್ಕೇ ಸಂಬಳ ಕೊಡುವಾಗ ನಾನಾದರೂ ಏನು ಮಾಡಲಿ.

ಆಗಸ್ಟ್ 12, ಮಂಗಳವಾರ

ಇವತ್ತೊಂದು ಸುಳಿವು ಸಿಕ್ಕಿತು. ನನಗೆ ಟ್ರೇನಿನಲ್ಲಿ ನಿದ್ದೆ ಬರುತ್ತದೆ!

ಮನೆ ಇರುವ ಡೊಂಬಿವಲಿಯಿಂದ ಠಾಣೆವರೆಗೆ ನಿದ್ದೆಯ ಮಾತೇ ಇಲ್ಲ, ಉಸಿರಾಡಿದರೆ ಪುಣ್ಯ. ಠಾಣೆಯಲ್ಲಿ ಗಾಡಿ ಬದಲಿಸಿ ಪನವೇಲ್ ಲೋಕಲ್ ಹಿಡಿಯುತ್ತೇನೆ. ಲೇಡೀಸ್ ಡಬ್ಬಿಯಲ್ಲಿ ಪ್ರಾಜಕ್ತಾ ನನಗೆ ಕಿಟಕಿಯ ಸೀಟು ಹಿಡಿದಿಟ್ಟಿರುತ್ತಾಳೆ. ಅವಳು ಮಾಜಿವಾಡಾದವಳು, ಕೋಪರಖೈರಣೆಯಲ್ಲಿ ಬ್ಯಾಂಕಿನ ಕೆಲಸ, ನನಗಿಂತ ಒಂದು ಸ್ಟೇಶನ್ ಮುಂದೆ ಇಳಿಯುವವಳು. ಯಾರದಾದರೂ ಮೊಣಕೈ ತಾಗೀತೆಂದು ತನ್ನ ತೋಳನ್ನು ನನ್ನ ಹೊಟ್ಟೆಗೆ ಅಡ್ಡ ಇಟ್ಟುಕೊಂಡು ಕೂರುತ್ತಾಳೆ. ಗಾಡಿ ಠಾಣೆ ಬಿಟ್ಟದ್ದಷ್ಟೇ ಗೊತ್ತು. ಐರೋಲಿಯೂ ಗೊತ್ತಿಲ್ಲ, ರಬಾಳೆಯೂ ಗೊತ್ತಿಲ್ಲ. "ಚಲಾ ಮ್ಯಾಡಮ್, ಘಣಸೋಲಿ ಆಲಂ" ಎಂದು ಅವಳು ಗಲ್ಲ ತಟ್ಟಿದಾಗಲೇ ಎಚ್ಚರ. ಮೊನ್ನೆಯೂ ಹೀಗೇ ಆಗಿತ್ತು, ಅದಕ್ಕೂ ಮೊದಲೂ. ನಾನು ಗಮನಿಸಿರಲಿಲ್ಲ ಅಷ್ಟೇ.

ಕಾರಣ ಸ್ಪಷ್ಟವಾಗಿದೆ. ಗಾಡಿಯ ಸದ್ದು ಮತ್ತು ತೂಗಾಟ. ಮನೆಯಲ್ಲಿ ತೂಗಾಟಕ್ಕೆ ದಾರಿ ಇಲ್ಲ, ಸದ್ದಿಗೆ ಇದೆ.

ಆಗಸ್ಟ್ 14, ಗುರುವಾರ

ಮೊಬೈಲಿನಲ್ಲಿ ಲೋಕಲ್ ಗಾಡಿಯ ಸದ್ದು ಹಾಕಿಕೊಂಡು ಮಲಗಿದೆ. ನಡುವೆ ಮುಂದಿನ ಸ್ಟೇಶನ್ ಕಲ್ಯಾಣ ಎಂದು ಅದು ಕೂಗಿತು. ಪ್ರಭುದೇವ ದಡಬಡಿಸಿ ಎದ್ದು ಚಪ್ಪಲಿ ಹುಡುಕತೊಡಗಿದ. ಹಾಲ್‌ನಿಂದ ಅತ್ತೆ ಯಾರು ಬಂದರೆಂದು ವಿಚಾರಿಸಿದರು. ಸದ್ದು ಬಂದ್ ಮಾಡಿದೆ. ಇಬ್ಬರೂ ಮತ್ತೆ ಮಲಗಿದರು.

ಆಗಸ್ಟ್ 22, ಶುಕ್ರವಾರ

ಇವತ್ತು ಟ್ರೇನಿನಲ್ಲೂ ನಿದ್ದೆ ಬರಲಿಲ್ಲ. ಅದೇ ಗಾಡಿ, ಅದೇ ಕಿಟಕಿ. ಪ್ರಾಜಕ್ತಾ ರಜೆ ಹಾಕಿದ್ದಳು, ಪಕ್ಕದಲ್ಲಿ ಯಾರೋ ಗುರುತಿಲ್ಲದ ಹುಡುಗಿ ಕೂತಿದ್ದಳು. ಹೊಟ್ಟೆಗೆ ನನ್ನ ಕೈಯನ್ನೇ ಅಡ್ಡ ಇಟ್ಟುಕೊಂಡು ಘಣಸೋಲಿವರೆಗೆ ಕಣ್ಣು ಬಿಟ್ಟುಕೊಂಡೇ ಬಂದೆ. ಕ್ಲಿಪ್ಪು ಮಾರುವ ಹೆಂಗಸು ಬಹಳ ಗಲಾಟೆ ಮಾಡುತ್ತಿದ್ದಳು. ಅದೇ ಕಾರಣ ಇರಬೇಕು.

ಸಂಜೆ ಡಾಕ್ಟರ್ ಹತ್ತಿರ ಹೋಗಿದ್ದೆ. ಬಿಪಿ ಇನ್ನೂ ಏರಿದೆ. ಗುಳಿಗೆ ಹೆಚ್ಚಿಸಿದರು. ಮುಂದಿನ ಸಲವೂ ಹೀಗೇ ಇದ್ದರೆ ಮಾತಿಲ್ಲ, ಬಟ್ಟೆ ಕಟ್ಟಿಕೊಂಡೇ ಬಾ ಎಂದರು. ಆಯಿತು ಎಂದು ನಗುತ್ತಲೇ ಹೊರಗೆ ಬಂದೆ. ಲಿಫ್ಟಿನೊಳಗೆ ಎರಡೂ ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡೆ. ನನಗೆ ಈ ಮಗು ಬೇಕು. ಬೇರೆ ಏನನ್ನೂ ನಾನು ಇಷ್ಟು ಬೇಡಿಕೊಂಡಿಲ್ಲ.

ಆಗಸ್ಟ್ 29, ಶುಕ್ರವಾರ

ಗಲ್ಲಿಯ ಗಣಪತಿ ಮಂಡಳದವರು ಈ ಸಲ ಹೊಸ ಸ್ಪೀಕರ್ ತಂದಿದ್ದಾರೆ. ಯಾರಿಗೂ ನಿದ್ದೆ ಇಲ್ಲವೆಂದು ಬಿಲ್ಡಿಂಗಿನವರೆಲ್ಲ ಬೈಯುತ್ತಿದ್ದಾರೆ. ನನಗೆ ಸ್ವಲ್ಪ ಸಮಾಧಾನ, ಜೊತೆ ಸಿಕ್ಕಿತು.

ನನ್ನ ನಿದ್ದೆ ಆಗದಿದ್ದರೆ ಬೇಡ, ಅತ್ತೆಯ ಗೊರಕೆಯನ್ನಾದರೂ ನಿಲ್ಲಿಸೋಣ ಎಂದು ಆ ಕೆಲಸಕ್ಕೆ ಕೈ ಹಾಕಿದ್ದೇನೆ. ಮಲಗುವ ಮುಂಚೆ ನೀಲಗಿರಿ ಎಣ್ಣೆ ಹಾಕಿದ ಬಿಸಿನೀರಿನ ಹಬೆ, ದಿಂಬಿನ ಪಕ್ಕ ಅಜವಾನದ ಗಂಟು. ಅತ್ತೆ ಟವೆಲ್ ಹೊದ್ದು ಹಬೆ ತೆಗೆದುಕೊಂಡರು. ಟವೆಲ್ ತೆಗೆದವರು ನನ್ನ ಮುಖವನ್ನೇ ನೋಡುತ್ತ ಕೂತರು. ರಾತ್ರಿ ಎಷ್ಟು ಸಲ ನೀರು ಕುಡಿಯುತ್ತೀ ಎಂದು ಕೇಳಿದರು. ಸೆಕೆ ಎಂದೆ.

ಸೆಪ್ಟೆಂಬರ್ 2, ಮಂಗಳವಾರ

ನಿನ್ನೆ ಊಟವಾದ ಮೇಲೆ ಅತ್ತೆ ತಮ್ಮ ಹಾಸಿಗೆ ಸುತ್ತಿಕೊಂಡು ನಮ್ಮ ಕೋಣೆಗೆ ಬಂದರು. ಹಾಲ್‌ನ ಫ್ಯಾನು ಸದ್ದು ಮಾಡುತ್ತದಂತೆ. ಗಣಪತಿಯ ಡೋಲಿಗೆ ಎದ್ದೇಳದವರಿಗೆ ಫ್ಯಾನಿನ ಸದ್ದು! ಪ್ರಭುದೇವ ಖುಷಿಯಿಂದಲೇ ಹಾಲ್‌ಗೆ ಹೋದ, ಅಲ್ಲಿ ಕೈಕಾಲು ಚಾಚಲು ಜಾಗ ಇದೆ. ನನಗೆ ಸಿಟ್ಟು ಬಂದಿತ್ತು. ತೋರಿಸಲಿಲ್ಲ.

ಅತ್ತೆ ಮಲಗಲಿಲ್ಲ. ನನ್ನ ಕಾಲ ಹತ್ತಿರ ಕೂತು ಅಂಗಾಲಿಗೆ ಔಡಲೆಣ್ಣೆ ತಿಕ್ಕತೊಡಗಿದರು. ಬೇಡ ಎಂದರೆ ಕೇಳುವವರಲ್ಲ. ತಿಕ್ಕುತ್ತ ತಿಕ್ಕುತ್ತ, ಯಾರಿಗೋ ಹೇಳುವ ಹಾಗೆ ಹೇಳಿದರು.

"ನಿನಗ ನಿದ್ದಿ ಬರೂದಿಲ್ಲಂತಲ್ಲ ಜಯಾ, ನೀನ ಬರಗೊಡೂದಿಲ್ಲ. ಒಳಗಿಂದು ಒದೀತೋ ಇಲ್ಲೋ ಅಂತ ಕಾವಲ ಕುಂದರ್ತಿ."

ಹೊಟ್ಟೆಯ ಮೇಲಿದ್ದ ಕೈಯನ್ನು ದಿಂಬಿನ ಕೆಳಗೆ ಸೇರಿಸಿದೆ.

"ಕಾವಲಕ್ಕ ಒಬ್ಬರ ಇದ್ರ ಸಾಕು. ಇವತ್ತಿನ ಪಾಳಿ ನಂದು. ನೀ ಮಲಗು, ನಾ ಅದೀನಿ."

ನಗು ಬಂತು. ಈ ಮನೆಯಲ್ಲಿ ಎಲ್ಲರಿಗಿಂತ ಮೊದಲು ನಿದ್ದೆ ಹೋಗುವವರು ರಾತ್ರಿಪಾಳಿ ಮಾಡುತ್ತಾರಂತೆ. ನಗುತ್ತಲೇ ಮಗ್ಗುಲಾದೆ. ಮುಂದೆ ಕಣ್ಣು ಬಿಟ್ಟಾಗ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು, ಕಿಟಕಿಯಲ್ಲಿ ಬಿಸಿಲು.

ಇದು ಹೇಗಾಯಿತೆಂದು ಟ್ರೇನಿನಲ್ಲಿ ಯೋಚಿಸಿದೆ. ನಿನ್ನೆ ರಾತ್ರಿ ಮೊದಲ ಸಲ ಹಾಲಿನ ಜೊತೆ ಬಾಳೆಹಣ್ಣು ತಿಂದಿದ್ದೆ. ದಿಂಬೂ ಈಗ ಸ್ವಲ್ಪ ಮೆತ್ತಗಾಗಿದೆ. ಎಣ್ಣೆಯ ಪಾಲೂ ಒಂದಿಷ್ಟು ಇರಬಹುದು.

ಸೆಪ್ಟೆಂಬರ್ 11, ಗುರುವಾರ

ಗೆದ್ದೆ. ಬಿಪಿ ಇಳಿದಿದೆ. ದಿನಾ ರಾತ್ರಿ ನಿದ್ದೆ. ನಡುವೆ ಒಮ್ಮೆ ಬಾತ್ರೂಮಿಗೆ ಎದ್ದರೂ ಬಂದು ಬಿದ್ದ ಕೂಡಲೇ ಮತ್ತೆ ನಿದ್ದೆ. ಬಟ್ಟೆ ಕಟ್ಟಿಕೊಳ್ಳುವುದು ಬೇಡ ಎಂದು ಡಾಕ್ಟರ್ ನಕ್ಕರು. ಏನು ಮಾಡಿದೆ ಎಂದು ಕೇಳಿದ್ದಕ್ಕೆ ಎಲ್ಲ ಸಾಲಾಗಿ ಹೇಳಿದೆ. ಚಹಾ ಬಂದ್, ಮೊಬೈಲು ಫ್ರಿಜ್ಜಿನ ಮೇಲೆ, ಎಡಮಗ್ಗುಲು, ಹಾಲು, ಬಾಳೆಹಣ್ಣು. ಬೆಳಗ್ಗೆ ಟ್ರೇನಿನ ಗೆಳತಿಯರ ಗ್ರೂಪಿಗೂ ಇದನ್ನೇ ಉದ್ದಕ್ಕೆ ಬರೆದು ಹಾಕಿದ್ದೆ. ಬಸುರಿಯರು ಮಾತ್ರವಲ್ಲ, ಬೇರೆಯವರೂ ಬಾಳೆಹಣ್ಣು ಶುರು ಮಾಡಿದ್ದಾರೆ.

ಇನ್ನೊಂದು ಗೆಲುವು. ಅತ್ತೆಯ ಗೊರಕೆ ಪೂರ್ತಿ ನಿಂತುಹೋಗಿದೆ. ನಮ್ಮ ಕೋಣೆಗೆ ಬಂದಾಗಿನಿಂದ ಒಂದು ಸದ್ದಿಲ್ಲ. ಹಬೆ ಮತ್ತು ಅಜವಾನ ಇಷ್ಟು ಕೆಲಸ ಮಾಡುತ್ತವೆಂದು ನಾನೂ ಅಂದುಕೊಂಡಿರಲಿಲ್ಲ. ರಾತ್ರಿ ಮಲಗುವ ಮುಂಚೆ ಇಬ್ಬರೂ ಸ್ವಲ್ಪ ಹೊತ್ತು ಹರಟುತ್ತೇವೆ. ಅವರು ಎಣ್ಣೆ ತಿಕ್ಕುತ್ತ ಜಮಖಂಡಿಯ ನೆರೆಹೊರೆಯವರ ಚಾಡಿ ಹೇಳುತ್ತಾರೆ. ಬಹಳ ಚೆನ್ನಾಗಿ ಹೇಳುತ್ತಾರೆ. ಕೊನೆಗೆ ನಾ ಅದೀನಿ ಅನ್ನುತ್ತಾರೆ, ಅಷ್ಟರಲ್ಲಿ ನನಗೆ ಅರ್ಧ ನಿದ್ದೆ.

ಪೂವಪ್ಪನ ಮೇಲೆ ಮತ್ತೆ ದೂರು. ಕರೆಸಿ ಕೇಳಿದೆ. ಬದಲಿಗೆ ಬರಬೇಕಾದವನು ಬರದೆ ಪೂವಪ್ಪ ಎರಡೆರಡು ಪಾಳಿ ಮಾಡುತ್ತಿದ್ದಾನೆ, ಯಾರಿಗೂ ಹೇಳಿಲ್ಲ. ಕೂಡಲೇ ಬೇರೆಯವನನ್ನು ಹಾಕಿದೆ. ಒಬ್ಬನಿಗೇ ಎರಡು ಪಾಳಿ ಕೊಡಬಾರದು, ಅದು ನನ್ನದೇ ನಿಯಮ. ಮೆಮೊ ಬರೆಯಲು ಪುರುಸೊತ್ತಾಗಲಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ನವರಾತ್ರಿಯಲ್ಲಿ ಇವತ್ತು ಹಸಿರು ಬಣ್ಣದ ದಿನ. ಇಡೀ ಲೇಡೀಸ್ ಡಬ್ಬಿ ಹಸಿರು ಉಟ್ಟಿತ್ತು. ನಾನು ಹತ್ತಿದ ಕೂಡಲೇ ಪ್ರಾಜಕ್ತಾ ಚೀಲದಿಂದ ಹೂವಿನ ಒಡವೆ ತೆಗೆದಳು, ಇನ್ನೊಬ್ಬಳು ಹಸಿರು ಬಳೆ ತೆಗೆದಳು. ಚಲಿಸುವ ಗಾಡಿಯಲ್ಲಿ ನನ್ನ ಉಡಿ ತುಂಬಿ, ಹಾಡು ಹೇಳಿ, ಬರ್ಫಿ ತಿನ್ನಿಸಿದರು. ಕೋಪರಖೈರಣೆ ದಾಟಿ ಹೋದೆವು, ಪ್ರಾಜಕ್ತಾಗೂ ಗೊತ್ತಾಗಲಿಲ್ಲ. ಇಬ್ಬರೂ ತುರ್ಭೆಯಿಂದ ವಾಪಸು ಬಂದೆವು.

ಹೋದ ಸಲ ಐದನೇ ತಿಂಗಳಿಗೇ ಸೀಮಂತದ ಕುಬಸ ಮಾಡಿದ್ದೆವು. ಅಣ್ಣ ಊರಿಂದ ಬಂದು ಹಸಿರು ಸೀರೆ ಉಡಿಸಿದ್ದ, ಮನೆ ತುಂಬ ಜನ. ಅದಾಗಿ ಕೆಲವೇ ದಿನಕ್ಕೆ ಹೋಯಿತು. ಅದಕ್ಕೇ ಈ ಸಲ ಏನೂ ಮಾಡಕೂಡದು ಎಂದು ಮನೆಯಲ್ಲಿ ಖಡಕ್ಕಾಗಿ ಹೇಳಿದ್ದೆ. ಟ್ರೇನಿನವರಿಗೆ ಹೇಳಲು ಮರೆತಿದ್ದೆ. ಆಫೀಸಿನ ಬಾತ್ರೂಮಿನಲ್ಲಿ ನಿಂತು ಕಣ್ಣೀರು ಹಾಕಿದೆ. ಬಳೆ ಮಾತ್ರ ತೆಗೆಯಲಿಲ್ಲ.

ಸಂಜೆ ಅತ್ತೆ ಬಳೆ ನೋಡಿದರು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು.

ಅತ್ತೆಗೆ ಏನೋ ಆಗಿದೆ. ಕೂತಲ್ಲಿ ನಿದ್ದೆ. ನಿನ್ನೆ ತೊಗರಿಕಾಯಿ ಸುಲಿಯುತ್ತ ಬುಟ್ಟಿಯ ಮೇಲೆ ಒರಗಿದ್ದರು. ಮೊನ್ನೆ ಸೊಸೈಟಿಯ ಗರಬಾ ಕುಣಿತ ನೋಡಲು ಹೋದವರು ಸ್ಪೀಕರಿನ ಪಕ್ಕದ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿಬಿಟ್ಟರು. ವಯಸ್ಸು ಎನ್ನುತ್ತಾರೆ. ನನಗೆ ಸಕ್ಕರೆ ಕಾಯಿಲೆಯ ಅನುಮಾನ. ರಕ್ತ ಪರೀಕ್ಷೆ ಮಾಡಿಸಲೇಬೇಕು.

ಅಕ್ಟೋಬರ್ 8, ಬುಧವಾರ

ಅತ್ತೆಯ ರಿಪೋರ್ಟು ಬಂತು. ಸಕ್ಕರೆ ಇಲ್ಲ, ಥೈರಾಯ್ಡ್ ಇಲ್ಲ, ರಕ್ತವೂ ಸರಿ ಇದೆ. ರಾತ್ರಿ ನಿದ್ದೆ ಹೇಗೆ ಎಂದು ಡಾಕ್ಟರ್ ಅವರನ್ನು ಕೇಳಿದರು. ಅವರ ಪರವಾಗಿ ನಾನೇ ಉತ್ತರ ಕೊಟ್ಟೆ. ಬಹಳ ಚೆನ್ನಾಗಿದೆ, ಗೊರಕೆ ಕೂಡ ಇಲ್ಲ, ಅದು ನನ್ನದೇ ಉಪಚಾರ ಎಂದೆ. ಅತ್ತೆ ಗೋಡೆಯ ಮೇಲಿನ ಮಗುವಿನ ಪೋಸ್ಟರ್ ನೋಡುತ್ತ ಕೂತಿದ್ದರು.

ಶಕ್ತಿಗೆ ಒಂದು ಟಾನಿಕ್ ತಂದೆವು.

ಅಕ್ಟೋಬರ್ 15, ಬುಧವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಆಫೀಸಿನಿಂದ ಬಂದು ಬಾಗಿಲು ತೆರೆದರೆ ಗ್ಯಾಸಿನ ವಾಸನೆ. ಹಾಲು ಉಕ್ಕಿ ಒಲೆ ಆರಿದೆ, ಗ್ಯಾಸು ಹರಿಯುತ್ತಲೇ ಇದೆ, ಅತ್ತೆ ಅಡುಗೆಮನೆಯ ನೆಲದಲ್ಲಿ ಗೋಡೆಗೆ ಒರಗಿ ನಿದ್ದೆ. ಒಲೆ ಬಂದ್ ಮಾಡಿ, ಕಿಟಕಿ ತೆರೆದು, ಅವರನ್ನು ಅಲುಗಾಡಿಸಿ ಎಬ್ಬಿಸಿ ಬಾಲ್ಕನಿಗೆ ಕರೆತಂದೆ. ದೇವರ ದಯೆ, ಬೇಗ ಬಂದಿದ್ದೆ. ಹೆದರಿಕೆಗೆ ನಾಲಿಗೆಯ ಮೇಲೆ ಹಿಡಿತ ಇರಲಿಲ್ಲ, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಎರಡು ಹೊತ್ತೂ ಮಲಗುತ್ತೀರಿ, ಸಾಲದೇ ಎಂದೂ ಅಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ತಪ್ಪಾಯಿತು ಎಂದರು.

ಪ್ರಭುದೇವ ಬಂದ. ಎಲ್ಲ ಕೇಳಿಸಿಕೊಂಡು ನನ್ನನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ.

"ಅವ್ವ ರಾತ್ರಿ ಮಲಗೂದಿಲ್ಲ," ಎಂದ. "ದೀಡ ತಿಂಗಳಾತು, ಗಣಪತಿ ಹಬ್ಬದಾಗಿಂದ. ನೀರ ಕುಡಿಯಾಕ ಎದ್ದಾಗೆಲ್ಲ ನೋಡ್ತೀನಿ, ನಿನ್ನ ಬಾಜೂಕ ಕುಂತಿರ್ತಾಳ, ಹೊಟ್ಟಿ ಮ್ಯಾಲ ಕೈ ಇಟ್ಕೊಂಡು. ನಿನಗ ಹೇಳಬ್ಯಾಡ ಅಂತ ಆಣಿ ಹಾಕ್ಯಾಳ."

ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲ ಒಟ್ಟಿಗೇ ತಿಳಿಯಿತು. ಗೊರಕೆ ಏಕೆ ನಿಂತಿತು, ತೊಗರಿಕಾಯಿಯ ಬುಟ್ಟಿ, ಗರಬಾದ ಕುರ್ಚಿ, ನನ್ನ ಬಾಳೆಹಣ್ಣು. ನಾನು ಊರಿಗೆಲ್ಲ ಬುದ್ಧಿ ಹೇಳುತ್ತ ತಿರುಗಿದ್ದೆ, ನನ್ನದೇ ಮನೆಯಲ್ಲಿ ಒಬ್ಬ ಮುದುಕಿ ಬದಲಿ ಇಲ್ಲದೆ ರಾತ್ರಿಪಾಳಿ ಮಾಡುತ್ತಿದ್ದಳು. ನಾಚಿಕೆಯಾಯಿತು, ಸಿಟ್ಟೂ ಬಂತು. ಅದೇ ಸಿಟ್ಟಿನಲ್ಲಿ ಬಾಲ್ಕನಿಗೆ ಹೋದೆ.

ಏಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಅವರು ಎದುರಿನ ಬಿಲ್ಡಿಂಗಿನ ಬಟ್ಟೆಗಳ ಕಡೆ ಮುಖ ಮಾಡಿದರು. ನಮ್ಮ ಕಡೆ ಕೂಸು ಹುಟ್ಟಿದ ಐದನೇ ರಾತ್ರಿ ಎಲ್ಲರೂ ಎಚ್ಚರ ಇರುತ್ತೇವಲ್ಲ, ಸೆಟವಿ ತಾಯಿ ಬಂದು ಹಣೆಬರಹ ಬರೆಯುತ್ತಾಳೆಂದು, ಆ ಎಚ್ಚರವನ್ನು ಸ್ವಲ್ಪ ಮುಂಚೆಯೇ ಶುರು ಮಾಡಿದೆ ಅಷ್ಟೇ ಎಂದರು. ಹಗುರವಾಗಿ ಹೇಳಲು ನೋಡಿದರು, ಆಗಲಿಲ್ಲ.

"ಹೋದ ಸಲ ನಾ ಊರಾಗ ಮಲಗಿದ್ನೆವಾ," ಎಂದರು. "ಆ ರಾತ್ರಿ ಎಂದಿಗಿಂತ ಚಲೋ ನಿದ್ದಿ ಹತ್ತಿತ್ತು. ಮುಂಜಾನೆ ಫೋನ್ ಬಂತು. ನಾ ಎಚ್ಚರಿದ್ದಿದ್ರ ಅಂತ ಇವತ್ತಿಗೂ ಅನಸ್ತೈತಿ."

ಆ ರಾತ್ರಿಯ ನಿದ್ದೆ ನನ್ನೊಬ್ಬಳದೇ ಎಂದು ನಾನು ಇಷ್ಟು ದಿನ ಅಂದುಕೊಂಡಿದ್ದೆ.

ಅವರ ಕೈ ಹಿಡಿದುಕೊಂಡೆ. ಔಡಲೆಣ್ಣೆಯ ವಾಸನೆ. "ಅತ್ತಿ, ನಿಮ್ಮ ನಿದ್ದಿಗೂ ಅದಕ್ಕೂ ಏನ್ ಸಂಬಂಧರೀ? ಅದು ಯಾರ ನಿದ್ದಿಯಿಂದಾನೂ ಹೋಗಿಲ್ಲ. ಹೋಗೂದಿತ್ತು, ಹೋತು," ಎಂದೆ. ಡಾಕ್ಟರ್ ನನಗೆ ಹೇಳಿದ ಮಾತೇ. ಎಷ್ಟೋ ಸಲ ಕೇಳಿದ್ದೆ, ಹೌದು ಹೌದು ಎಂದು ತಲೆ ಆಡಿಸಿದ್ದೆ. ಇನ್ನೊಬ್ಬರಿಗೆ ಹೇಳಿದ್ದು ಇದೇ ಮೊದಲು. ಹೇಳುವಾಗ ಅದು ನಿಜವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅತ್ತೆ ನನ್ನ ಕಡೆ ತಿರುಗಿದರು. ಮುದುಕಿ ಬಲು ಜಾಣೆ.

"ಹಂಗಂದ್ರ ನಿನ್ನ ನಿದ್ದಿಯಿಂದಾನೂ ಅಲ್ಲ, ಹೌದಿಲ್ಲೋ?"

ಇಬ್ಬರೂ ಅತ್ತೆವು. ಪ್ರಭುದೇವ ಒಳಗಿನಿಂದ ಬಂದು ನೋಡಿ, ಏನು ಮಾಡಬೇಕೆಂದು ತಿಳಿಯದೆ, ಚಹಾ ಮಾಡಿ ತಂದ. ಸಂಜೆಯ ಚಹಾ. ಕುಡಿದೆ.

ಅಕ್ಟೋಬರ್ 16, ಗುರುವಾರ

ಮನೆಗೂ ಪಾಳಿ ಹಾಕಿದ್ದೇನೆ. ಒಂದು ರಾತ್ರಿ ಪ್ರಭುದೇವ, ಒಂದು ರಾತ್ರಿ ಅತ್ತೆ. ಅವರೂ ಕೂತಿರಬೇಕಿಲ್ಲ, ಪಕ್ಕದಲ್ಲಿ ಮಲಗಿದರೆ ಸಾಕು. ಮೂರನೇ ರಾತ್ರಿ ಗೇಟಿಗೆ ಬೀಗ. ಯಾರದೂ ಪಾಳಿ ಇಲ್ಲ, ಎಲ್ಲರೂ ಮಲಗುವುದು. ಪ್ರಭುದೇವ ನಕ್ಕ. ಅತ್ತೆ ಬೀಗದ ರಾತ್ರಿ ಬೇಡ ಎಂದು ಹಟ ಹಿಡಿದರು. ಈ ಮನೆಯಲ್ಲಿ ಪಾಳಿ ಹಂಚುವವಳು ನಾನು ಎಂದು ಹೇಳಿದ ಮೇಲೆ ಸುಮ್ಮನಾದರು.

ಹೇಳಿದ್ದೇನೆ ಸರಿ, ಒಳಗೊಳಗೆ ಅಳುಕಿದೆ. ಯಾರೂ ಎಚ್ಚರ ಇಲ್ಲದಾಗ ನನಗೆ ನಿದ್ದೆ ಬಾರದಿದ್ದರೆ ಬಿಪಿ ಮತ್ತೆ ಏರುತ್ತದೆ. ನೋಡೋಣ.

ಅಕ್ಟೋಬರ್ 19, ಭಾನುವಾರ

ನಿನ್ನೆ ಬೀಗದ ರಾತ್ರಿ. ಬಹಳ ಹೊತ್ತು ನಿದ್ದೆ ಬರಲೇ ಇಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಾದೆ. ಕೆಳಗಿನ ಹಾಸಿಗೆಯಲ್ಲಿ ಅತ್ತೆ ಕಣ್ಣು ಮುಚ್ಚಿ ನಿದ್ದೆಯ ನಾಟಕ ಮಾಡುತ್ತಿದ್ದರು, ಉಸಿರಿನಲ್ಲೇ ಗೊತ್ತಾಗುತ್ತಿತ್ತು. ಎಷ್ಟು ಹೊತ್ತಿಗೋ ಗೊರಕೆ ಶುರುವಾಯಿತು. ಮೊದಲು ಸಣ್ಣಗೆ, ಆಮೇಲೆ ಹಳೆಯ ಠೀವಿಯಲ್ಲಿ. ಕೇಳುತ್ತ ಕೇಳುತ್ತ ನನಗೂ ನಿದ್ದೆ ಹತ್ತಿತು.

ಹಬೆಯ ಪಾತ್ರೆಯನ್ನು ಮೇಲಿನ ಕಪಾಟಿಗೆ ಎತ್ತಿಟ್ಟೆ.

ನವೆಂಬರ್ 6, ಗುರುವಾರ

ನಾಳೆಯಿಂದ ರಜೆ. ಬಿಪಿ ಹದವಾಗಿದೆ. ನಿನ್ನೆಯೂ ಬೀಗದ ರಾತ್ರಿ, ಚೆನ್ನಾಗಿ ಮಲಗಿದ್ದೆ. ಟ್ರೇನಿನಲ್ಲಿ ಪ್ರಾಜಕ್ತಾ ಎಂದಿನಂತೆ ತೋಳು ಅಡ್ಡ ಇಟ್ಟಳು. ನಾನು ಐರೋಲಿ, ರಬಾಳೆ ಎಲ್ಲ ನೋಡುತ್ತ ಕೂತೆ, ಅವಳೇ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಘಣಸೋಲಿಯಲ್ಲಿ ಎಬ್ಬಿಸಿ ಇಳಿದೆ, ಇಲ್ಲದಿದ್ದರೆ ಪನವೇಲ್‌ವರೆಗೆ ಹೋಗುತ್ತಿದ್ದಳು.

ಗೇಟಿನಲ್ಲಿ ಪೂವಪ್ಪ ಸೆಲ್ಯೂಟ್ ಹೊಡೆದ. ಆರಾಮವಾಗಿ ಮಲಗಿ ಅಕ್ಕ ಎಂದ.

ನವೆಂಬರ್ 20, ಗುರುವಾರ

ನಿನ್ನೆ ಬೆಳಗ್ಗೆ ಹೆಣ್ಣುಮಗು. ನಾನೂ ಸರಿ ಇದ್ದೇನೆ, ಅವಳೂ ಸರಿ ಇದ್ದಾಳೆ. ಹುಟ್ಟಿದ ಕೂಡಲೇ ಕಟ್ಟಡ ಎದ್ದೇಳುವ ಹಾಗೆ ಅತ್ತಳು. ಆ ಅಳು ಕೇಳುವವರೆಗೆ ನಾನು ಉಸಿರೇ ಬಿಟ್ಟಿರಲಿಲ್ಲ. ಕೈ ನೋಯುತ್ತಿದೆ, ಇಷ್ಟು ಸಾಕು.

ನವೆಂಬರ್ 24, ಸೋಮವಾರ

ನಿನ್ನೆ ಐದನೇ ರಾತ್ರಿ. ಹಾಲ್‌ನಲ್ಲಿ ಅತ್ತೆ ಸೆಟವಿ ತಾಯಿಯ ಪೂಜೆ ಮಾಡಿದರು. ದೀಪದ ಮುಂದೆ ಖಾಲಿ ಕಾಗದ, ಪಕ್ಕದಲ್ಲಿ ಪ್ರಭುದೇವನ ಹೊಸ ಪೆನ್ನು. ಪ್ರಾಜಕ್ತಾ ಠಾಣೆಯಿಂದ ಬಂದಿದ್ದಳು. ಅವರಲ್ಲೂ ಇದೇ ಪದ್ಧತಿ, ತಾಯಿಯ ಹೆಸರು ಸಟವಾಯಿ. ದೀಪ ಆರಬಾರದು, ಯಾರೂ ಮಲಗಬಾರದು ಎಂದು ಅತ್ತೆ ಎಲ್ಲರಿಗೂ ತಾಕೀತು ಮಾಡಿದರು. ಪಕ್ಕದ ಮನೆಯವರು ಚಾಪೆ ತಂದರು. ಹಾಡು ಶುರುವಾಯಿತು.

ನಾನೂ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಟ್ಟಗೆ ಕೂತಿದ್ದೆ. ರಾತ್ರಿಪಾಳಿ ನನಗೆ ಹೊಸದೇ? ಹಾಲು ಕುಡಿದು ಅವಳು ಮಲಗಿದಳು. ಅತ್ತೆ ಅವಳನ್ನು ಎತ್ತಿಕೊಂಡರು. ಇವತ್ತು ಬೀಗದ ರಾತ್ರಿ ಅಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿ ನಕ್ಕರು.

ಬೆಳಗ್ಗೆ ಕಣ್ಣು ಬಿಟ್ಟಾಗ ತಲೆಯ ಕೆಳಗೆ ಯಾರದೋ ಮಡಿಚಿದ ಶಾಲು ಇತ್ತು. ದೀಪ ಉರಿಯುತ್ತಿತ್ತು. ಅತ್ತೆ ಗೋಡೆಗೆ ಒರಗಿ ಕೂತಿದ್ದರು, ಕಣ್ಣು ಕೆಂಪಗೆ, ಮಗು ಅವರ ಮಡಿಲಲ್ಲಿ ಕೈಕಾಲು ಆಡಿಸುತ್ತಿತ್ತು. ಊರವರೆಲ್ಲ ಎಚ್ಚರಿದ್ದರು, ಹಡೆದಾಕಿ ಒಬ್ಬಳೇ ಮಲಗಿದಳು ಎಂದು ಪ್ರಾಜಕ್ತಾಗೆ ಹೇಳಿ ನಗುತ್ತಿದ್ದರು.

ಸೆಟವಿ ತಾಯಿ ಎಷ್ಟು ಹೊತ್ತಿಗೆ ಬಂದಳು, ನನ್ನ ಮಗಳ ಹಣೆಯಲ್ಲಿ ಏನು ಬರೆದು ಹೋದಳು, ನನಗೆ ಗೊತ್ತಿಲ್ಲ. ನಾನು ಮಲಗಿದ್ದೆ.